ಕರೂಸೊ ದನಿ ಕೀರಲು ಅನ್ನುವ ಮುಂಚೆ

ಇಟಲಿಯ ಒಪೆರಾ ಗಾಯಕ ಎನ್ರಿಕೊ ಕರೂಸೊ ಹಾಡನ್ನು ಯೂಟ್ಯೂಬ್‌ನಲ್ಲಿ ಎರಡು ನಿಮಿಷ ಕೇಳಿ, "ಇಷ್ಟೇನಾ? ಡಬ್ಬದೊಳಗೆ ಕೂತು ಹಾಡಿದ ಹಾಗಿದೆ" ಅಂತ ಬಿಟ್ಟುಬಿಡುವವರು ಬಹಳ ಮಂದಿ. ದಯವಿಟ್ಟು ಹಾಗೆ ಬಿಡಬೇಡಿ. ಎಷ್ಟೋ ಸಲ ಗ್ರಾಮಫೋನ್ ತಟ್ಟೆ ತಿರುಗಿಸಿದ ವೇಗವೇ ತಪ್ಪಿರುತ್ತದೆ.

ನಿಮಿಷಕ್ಕೆ 78 ಸುತ್ತು ಅನ್ನುವುದು ಆಮೇಲೆ ಗಟ್ಟಿಯಾದ ಲೆಕ್ಕ. 1900ರ ದಶಕದ ತಟ್ಟೆಗಳಲ್ಲಿ ವೇಗ ಒಂದೊಂದರಲ್ಲಿ ಒಂದೊಂದು ಥರ. 73.6ರಲ್ಲಿ ಕೊರೆದ ತಟ್ಟೆಯನ್ನು 78ರಲ್ಲಿ ಓಡಿಸಿದರೆ ಶ್ರುತಿ ಅರ್ಧ ಮನೆ (ಒಂದು ಸೆಮಿಟೋನ್) ಏರುತ್ತದೆ. ಜೊತೆಗೆ ಲಯ ಓಡುತ್ತದೆ, ವೈಬ್ರಾಟೊ, ಅಂದರೆ ದನಿಯ ಸಹಜ ಅಲುಗು, ನಡುಕದಂತೆ ಕೇಳುತ್ತದೆ. ಕರೂಸೊ ಟೆನರ್ (ಗಂಡಸರ ಎತ್ತರದ ದನಿ) ಆದರೂ ಆ ದನಿಯ ಸೊಗಸು ಇರುವುದು ಬ್ಯಾರಿಟೋನ್‌ಗೆ (ಅದಕ್ಕಿಂತ ತಗ್ಗಿನ ದನಿ) ಹತ್ತಿರವಾದ ಅದರ ತುಂಬುತನದಲ್ಲಿ. ವೇಗ ತಪ್ಪಿದರೆ ಮೊದಲು ಹೋಗುವುದೇ ಅದು.

ಪರೀಕ್ಷಿಸಲು ಫೋನಿನ ಟ್ಯೂನರ್ ಆ್ಯಪ್ ಸಾಕು. 'ಲಾ ಡೊನ್ನಾ ಎ ಮೊಬಿಲೆ' ಎಂಬ ಒಪೆರಾ ಹಾಡನ್ನು ಇಟಲಿಯ ಸಂಗೀತ ರಚನಕಾರ ವೆರ್ಡಿ ಬರೆದದ್ದು ಬಿ ಮೇಜರ್‌ನಲ್ಲಿ, ಅಂದರೆ ಬಿ ಸ್ವರವೇ ಷಡ್ಜ. ಕೊನೆಗೆ ವಾದ್ಯಗಳು ಬಂದು ನಿಲ್ಲುವ ಷಡ್ಜ ಬಿ ಬದಲು ಸಿ ತೋರಿಸಿದರೆ ವೇಗ ಹೆಚ್ಚಾಗಿದೆ ಎಂದೇ ಅರ್ಥ. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ವೇಗವನ್ನು ಶೇ. 5.6ರಷ್ಟು ಇಳಿಸಿ. ಶ್ರುತಿಯನ್ನಷ್ಟೇ ಇಳಿಸುವ ಆಯ್ಕೆ ಬೇಡ, ಅದರಲ್ಲಿ ಲಯ ಸರಿಹೋಗುವುದಿಲ್ಲ. ಒಂದು ಎಚ್ಚರ: 'ಕೆ ಜೆಲಿದಾ ಮನಿನಾ'ದಂಥ ಹಾಡನ್ನು ಕರೂಸೊ ಅರ್ಧ ಮನೆ ಇಳಿಸಿಯೇ ಹಾಡಿದ್ದುಂಟು. ಅಲ್ಲಿ ಟ್ಯೂನರ್ ಒಂದನ್ನೇ ನಂಬಿದರೆ ಮೋಸಹೋಗುತ್ತೀರಿ. ದನಿ ಸಹಜವಾಗಿದೆಯೇ ಅಂತ ಕಿವಿಯೇ ಹೇಳಬೇಕು.

ಇನ್ನು ಆ ಡಬ್ಬದ ಸದ್ದು. 1902ರ ಏಪ್ರಿಲ್ 11ರಂದು ಮಿಲಾನಿನ ಹೋಟೆಲ್ ಕೋಣೆಯಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕರೂಸೊನಿಂದ ಹತ್ತು ಹಾಡು ಹಾಡಿಸಿದಾಗ (ಸಂಭಾವನೆ 100 ಪೌಂಡ್) ಮೈಕ್ ಇರಲೇ ಇಲ್ಲ. ತುತ್ತೂರಿಯ ಬಾಯಿಗೆ ಹಾಡಬೇಕು. ಆ ದನಿಯ ಅಲೆಗಳಿಗೆ ಪೊರೆ ಅದುರಿ, ಸೂಜಿ ಮೇಣದಲ್ಲಿ ಗೀರು ಕೊರೆಯಬೇಕು. ತಾರಸ್ಥಾಯಿ ಬಂದಾಗ ಗಾಯಕ ಹಿಂದೆ ಸರಿಯದಿದ್ದರೆ ಸೂಜಿ ಹಾರಿ ಸದ್ದು ಒಡೆಯುತ್ತಿತ್ತು. ಮುಂದೆ ವಾದ್ಯವೃಂದ ಸೇರಿದಾಗ ಡಬಲ್ ಬಾಸ್‌ನ ಮಂದ್ರ ಹಿಡಿಯದೆ ಅದರ ಜಾಗಕ್ಕೆ ಟ್ಯೂಬಾ ಬಂತು. ಪಕ್ಕವಾದ್ಯ ಬ್ಯಾಂಡ್‌ಸೆಟ್ಟಿನ ಹಾಗೆ ಕೇಳುವುದು ಅದಕ್ಕೇ. ವಿದ್ಯುತ್ ಧ್ವನಿಮುದ್ರಣ ಬಂದದ್ದು 1925ರಲ್ಲಿ. ಕರೂಸೊ 1921ರಲ್ಲೇ, 48ನೇ ವಯಸ್ಸಿಗೆ ತೀರಿಹೋಗಿದ್ದರು.

1932ರಿಂದ ವಿಕ್ಟರ್ ಕಂಪನಿ ಹಳೆಯ ದನಿಯ ಮೇಲೆ ಹೊಸ ಆರ್ಕೆಸ್ಟ್ರಾ ಸೇರಿಸಿ ತಟ್ಟೆ ತಂದಿತು. ಅವುಗಳಿಂದ ಶುರುಮಾಡಬೇಡಿ. ಸರಸರ ಸದ್ದನ್ನು ಪೂರ್ತಿ ಒರೆಸಿದ ಪ್ರತಿಗಳೂ ಬೇಡ. ಸದ್ದಿನ ಜೊತೆ ದನಿಯ ಮೇಲುಸ್ವರಗಳೂ ಒರೆಸಿಹೋಗಿರುತ್ತವೆ.

ಅದೇ ಗೈಸ್‌ಬರ್ಗ್ ಅದೇ ವರ್ಷದ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡರು. ಮುಂದೆ ಮೈಸೂರು ಅರಮನೆಯ ಆಸ್ಥಾನ ಸೇರಿ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಅದೇ ಗೌಹರ್ ಜಾನ್. ಆ ಕಾಲದ ತಟ್ಟೆಗಳಿಗೂ ವೇಗದ ಇದೇ ತೊಡಕು. ಇಲ್ಲಿ ಬಿಡಿಸುವುದು ಇನ್ನೂ ಕಷ್ಟ. ವೆರ್ಡಿ ಶ್ರುತಿ ಬರೆದಿಟ್ಟಿದ್ದಾರೆ, ನಮ್ಮಲ್ಲಿ ಅದು ಹಾಡುವವರ ಗಂಟಲಿಗೆ ಬಿಟ್ಟದ್ದು.