ಕಾಗೆ ಕಾಲು, ಗುಬ್ಬಿ ಕಾಲು, ಟರ್ಕಿ ಕಾಲು

ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ನನ್ನ ಕಾಪಿ ಪುಸ್ತಕ ಎತ್ತಿ ಹಿಡಿದು, ‘ಇದೇನೋ ಇದು, ಕಾಗೆ ಕಾಲು ಗುಬ್ಬಿ ಕಾಲು?’ ಅಂತ ಇಡೀ ಕ್ಲಾಸಿಗೆ ತೋರಿಸಿದ್ದರು. ಆ ಅಕ್ಷರ ಇವತ್ತಿಗೂ ಹಾಗೇ ಇದೆ. ಹಾಗಾಗಿ ಪೆನ್ಸಿಲ್ವೇನಿಯಾದ ನಮ್ಮ ಪಕ್ಕದ ಮನೆ ಅಜ್ಜ, ‘ಶನಿವಾರ ಕಾಡಿಗೆ ಬಾ, ಟರ್ಕಿ ಕೋಳಿಯ ಹೆಜ್ಜೆ ಓದೋದು ಕಲಿಸ್ತೀನಿ’ ಅಂದಾಗ ನನಗೆ ಅಳುಕೇ ಆಗಲಿಲ್ಲ. ಆ ಲಿಪಿಯಲ್ಲಿ ನನಗೆ ಮೂವತ್ತು ವರ್ಷದ ಅನುಭವ.

ಇಲ್ಲಿ ಕಾಡು ಟರ್ಕಿಯ ವಸಂತದ ಶಿಕಾರಿ ಶುರುವಾಗೋದು ಮೇ ಒಂದರ ಆಸುಪಾಸಿನ ಶನಿವಾರ. ಅದಕ್ಕೂ ಮೊದಲೇ ಬಂದೂಕು ಮನೆಯಲ್ಲಿಟ್ಟು ಹೋಗಿ, ಹಕ್ಕಿ ಎಲ್ಲಿ ಮಲಗುತ್ತೆ, ಎಲ್ಲಿ ಮೇಯುತ್ತೆ ಅಂತ ಜಾಡು ನೋಡಿ ಬರಬೇಕು. ನಾನು ಸೊಪ್ಪು ತಿನ್ನೋ ಪ್ರಾಣಿ, ಆದರೂ ಬರೀ ನೋಡೋದು ತಾನೇ ಅಂತ ಒಪ್ಪಿಕೊಂಡೆ. ವಸಂತದಲ್ಲಿ ಗಡ್ಡ ಇರೋದನ್ನು ಮಾತ್ರ ಹೊಡೆಯಬಹುದಂತೆ. ಗಡ್ಡ ಅಂದರೆ ಹುಂಜದ ಎದೆಯಿಂದ ಜೋತಾಡುವ ಕರಿ ಕುಚ್ಚು. ಇದನ್ನು ಕೇಳಿದ ಮೇಲೆ ಶನಿವಾರ ಬೆಳಿಗ್ಗೆ ಮರೆಯದೆ ಶೇವ್ ಮಾಡಿಕೊಂಡೆ.

ಹಿಂದಿನ ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ‘ಟರ್ಕಿ ದೇಶದ ಕೋಳಿ ಅಲ್ಲಿಗೆ ಹೇಗೆ ಬಂತೋ?’ ಅಂದರು. ಕೋಳಿ ಅಮೆರಿಕದ್ದೇ, ಹೆಸರು ಮಾತ್ರ ಟರ್ಕಿ. ಆ ಟರ್ಕಿಯವರು ಅದನ್ನು ‘ಹಿಂದಿ’ ಅಂತಾರೆ, ಅಂದರೆ ನಮ್ಮ ಕಡೆಯದು. ಡಚ್ಚರು ಕರೆಯೋ ಹೆಸರು ಹುಟ್ಟಿದ್ದು ಕಲ್ಲಿಕೋಟೆಯಿಂದ ಅಂತೆಲ್ಲ ವಿವರಿಸಿದೆ. 1612ರಲ್ಲಿ ಗೋವಾದಿಂದ ಒಂದು ಟರ್ಕಿ ಜಹಾಂಗೀರನ ಆಸ್ಥಾನಕ್ಕೆ ಹೋಗಿ, ಅಲ್ಲಿನ ಚಿತ್ರಕಾರ ಮನ್ಸೂರ್ ಅದರ ಚಿತ್ರ ಬರೆದ ಕತೆಯನ್ನೂ ಸೇರಿಸಿದೆ. ಅಮ್ಮ ಪೂರ್ತಿ ಕೇಳಿ, ‘ಕಲ್ಲಿಕೋಟೆ ಕೋಳಿ ನೋಡೋಕೆ ಅಷ್ಟು ದೂರ ಹೋಗಬೇಕಿತ್ತಾ? ಚಳಿ ಇರುತ್ತೆ, ಟೋಪಿ ಹಾಕ್ಕೋ’ ಅಂದರು.

ಹಾಕಿಕೊಂಡೆ. ಅಮ್ಮನೇ ಹೆಣೆದ ಕೆಂಪು ಮಂಕಿ ಟೋಪಿ, ಬಿಳಿ ಮಫ್ಲರ್, ನೀಲಿ ಜರ್ಕಿನ್. ಅಜ್ಜ ನನ್ನ ಹಿಂದೆಯೇ ತಮ್ಮ ಟ್ರಕ್ಕಿನಲ್ಲಿ ಬಂದರು. ಹೆಡ್‌ಲೈಟಿನಲ್ಲಿ ನನ್ನನ್ನು ನೋಡಿ ಎರಡು ನಿಮಿಷ ಮಾತೇ ಆಡಲಿಲ್ಲ. ಹುಂಜ ಟರ್ಕಿಯ ತಲೆಯ ಬಣ್ಣ ಕೆಂಪು, ಬಿಳಿ, ನೀಲಿ. ಈ ಮೂರನ್ನು ಹಾಕಿಕೊಂಡು ಟರ್ಕಿ ಕಾಡಿಗೆ ಯಾರೂ ಕಾಲಿಡೋದಿಲ್ಲ, ಬೇರೆ ಶಿಕಾರಿಯವರು ಹಕ್ಕಿ ಅಂದುಕೊಂಡು ಗುಂಡು ಹಾರಿಸಿಬಿಡಬಹುದು. ಶೇವ್ ಮಾಡಿಕೊಂಡಿದ್ದಕ್ಕೆ ಅರ್ಥವೇ ಇರಲಿಲ್ಲ. ಮೂರನ್ನೂ ಕಾರಿನೊಳಗೆ ಎಸೆದು, ಅಜ್ಜನ ಹಳೇ ಹಸಿರು ಕೋಟು ತೊಟ್ಟು, ಬಾಗಿಲನ್ನು ಧಡ್ ಅಂತ ಹಾಕಿದೆ.

ಅಷ್ಟರಲ್ಲಿ ಕತ್ತಲಲ್ಲಿ ಮರದ ಮೇಲಿಂದ ಯಾರೋ ಗಂಟಲು ಮುಕ್ಕಳಿಸಿದ ಹಾಗೆ ಗುಳಗುಳಗುಳ ಅಂತ ಸದ್ದು! ರಾತ್ರಿ ಮರ ಹತ್ತಿ ಮಲಗೋ ಹುಂಜಕ್ಕೆ ಜೋರು ಶಬ್ದ ಕೇಳಿದರೆ ತಡೆಯಲಾಗೋದಿಲ್ಲವಂತೆ. ಗೂಬೆ ಕೂಗಿದರೂ ಸರಿ, ಕಾರಿನ ಬಾಗಿಲಾದರೂ ಸರಿ. ‘ಒಳ್ಳೇದಾಯ್ತು. ಅದು ಎಲ್ಲಿದೆ ಅಂತ ನಮಗೂ ಗೊತ್ತಾಯ್ತು, ನಾವು ಎಲ್ಲಿದ್ದೀವಿ ಅಂತ ಅದಕ್ಕೂ ಗೊತ್ತಾಯ್ತು’ ಅಂದರು ಅಜ್ಜ.

ಗುಡ್ಡ ಹತ್ತುತ್ತಾ ಪಾಠ ಆಯಿತು. ಹಿಕ್ಕೆ ಕೊಡೆಯ ಹಿಡಿಯ ಹಾಗೆ ತುದಿ ಬಾಗಿ ಉದ್ದಕ್ಕಿದ್ದರೆ ಹುಂಜದ್ದು. ಸುರುಳಿ ಸುತ್ತಿ ಗುಂಡಗಿದ್ದರೆ ಹೇಂಟೆಯದು. ಅವರು ಕಡ್ಡಿಯಲ್ಲಿ ತಿರುವಿ ತೋರಿಸಿದ ಹೇಂಟೆಯ ಹಿಕ್ಕೆ ನೋಡಿ ನನಗೆ ನೆನಪಾಗಬಾರದ್ದು ನೆನಪಾಯಿತು. ಮನೆಯಲ್ಲಿ ಊರಿಂದ ಬಂದ ಚಕ್ಕುಲಿ ಡಬ್ಬಿ ಇನ್ನೂ ಅರ್ಧ ಇದೆ, ನಾನು ಮುಟ್ಟಿಲ್ಲ. ಹೆಜ್ಜೆ ಹಿಮ್ಮಡಿಯಿಂದ ನಡು ಬೆರಳಿನ ತುದಿಗೆ 4 ಇಂಚು ದಾಟಿದರೆ ಹೆಚ್ಚಾಗಿ ಹುಂಜ. ಅಳತೆಪಟ್ಟಿ ಇಲ್ಲದಿದ್ದರೆ ಕ್ರೆಡಿಟ್ ಕಾರ್ಡ್ ಇಟ್ಟು, ಅದರ ಮುಂದೆ ಒಂದು ಬೆರಳಗಲ ಸೇರಿಸಿಕೊಂಡರೆ ಆಯ್ತು. ಆ ಕಾರ್ಡಿನಿಂದ ದುಡ್ಡು ಕಳೆಯದೆ ಆದ ಮೊದಲ ಉಪಯೋಗ ಇದು.

ಗುಡ್ಡದ ಮೇಲೆ, ಹಿಂದೆ ಮರ ಸಾಗಿಸುತ್ತಿದ್ದ ಮಣ್ಣು ರಸ್ತೆಯಲ್ಲಿ ನನ್ನನ್ನು ಬಿಟ್ಟು, ‘ಹೆಜ್ಜೆ ಸಿಕ್ಕರೆ ಅದು ಹೋದ ಕಡೆ ಹೋಗು’ ಅಂತ ಅಜ್ಜ ಆಚೆ ದಿಣ್ಣೆಗೆ ಹೋದರು. ಹತ್ತೇ ಹೆಜ್ಜೆಗೆ ಸಿಕ್ಕಿತು! ಹಿಂದಿನ ದಿನದ ಮಳೆಗೆ ಮೆತ್ತಗಾದ ಕೆಸರಲ್ಲಿ ಮೂರು ದಪ್ಪ ಬೆರಳು, ಉಗುರಿನ ಚುಕ್ಕಿ ಸಹಿತ. ಹಿಂದೆ ನಾಲ್ಕನೇ ಬೆರಳಿನ ಸಣ್ಣ ಗುಂಡಿ. ಕಾರ್ಡ್ ಇಟ್ಟೆ, ಬೆರಳಿಟ್ಟೆ, ಇನ್ನೂ ಸ್ವಲ್ಪ ಉಳಿಯಿತು. ಹುಂಜ! ಎರಡೂ ಪಕ್ಕದಲ್ಲಿ ಯಾರೋ ಪೊರಕೆ ಕಡ್ಡಿಯಲ್ಲಿ ಗೀಚಿದ ಹಾಗೆ ಗೆರೆಗಳು. ಹೇಂಟೆಯ ಮುಂದೆ ಉಬ್ಬಿಕೊಂಡು ನಡೆಯುವಾಗ ಹುಂಜದ ರೆಕ್ಕೆ ತುದಿ ನೆಲಕ್ಕೆ ಉಜ್ಜಿದ ಗುರುತು ಅದು. ಮದುವೆ ಮನೆಯಲ್ಲಿ ಪಂಚೆ ಅಂಚು ಎಳಕೊಂಡು ಓಡಾಡೋ ಮಾವಂದಿರ ಹಾಗೆ.

ಪ್ರತಿ ಹೆಜ್ಜೆಯೂ ಅಚ್ಚು ಹಾಕಿದ ಬಾಣದ ಗುರುತು. ಬಾಣ ತೋರಿಸಿದ ಕಡೆ ನಡೆದೆ. ಮುಂದೆ ತರಗೆಲೆ ಕೆದಕಿದ್ದು ಕಂಡಿತು, ಎಲೆಗಳೆಲ್ಲ ನಾನು ಹೋಗುವ ಕಡೆಗೇ ಗುಡ್ಡೆ ಬಿದ್ದಿದ್ದವು. ತಳ್ಳಿಕೊಂಡು ಹೋಗಿದೆ ಅಂತ ಖುಷಿಯಾಯಿತು. ಅಜ್ಜಿ ಮನೆ ಹಿತ್ತಿಲಲ್ಲಿ ಅಷ್ಟು ಕೋಳಿ ನೋಡಿದವನಿಗೆ, ಕೋಳಿ ಕೆದಕೋದು ಹಿಂದಕ್ಕೆ ಅಂತ ನೆನಪಾಗಬೇಡವಾ? ಹಕ್ಕಿಯ ಬೆರಳು ಹರಡೋದು ಮುಂದಕ್ಕೆ. ಆ ಬಾಣದ ಮೊನೆ ಅಂತ ನಾನು ನಂಬಿದ್ದು ಅದರ ಹಿಮ್ಮಡಿ. ಒಂದೂವರೆ ಗಂಟೆ ನಾನು ಶ್ರದ್ಧೆಯಿಂದ, ನಡುವೆ ಒಂದು ಕಡೆ ಕೂತು ಬಿಸ್ಕತ್ತು ತಿಂದು, ಆ ಕೋಳಿ ಎಲ್ಲಿಂದ ಬಂತೋ ಅಲ್ಲಿಗೇ ಹೋಗುತ್ತಿದ್ದೆ.

ರಸ್ತೆ ಎರಡು ತಿರುವು ತಿರುಗಿ ಇಳಿದು ಮುಗಿದಿದ್ದು ಕಾರು ನಿಲ್ಲಿಸಿದ್ದ ಜಾಗದಲ್ಲಿ. ಅಲ್ಲೇ ಇತ್ತು! ಬಾಲ ಬೀಸಣಿಗೆಯ ಹಾಗೆ ಬಿಚ್ಚಿ, ಕೆಂಪು ಬಿಳಿ ನೀಲಿ ತಲೆ ಎತ್ತಿ, ನನ್ನ ಕಾರಿನ ಬಾಗಿಲಲ್ಲಿ ಕಾಣುವ ಇನ್ನೊಂದು ಹುಂಜದ ಜೊತೆ ಜಗಳಕ್ಕೆ ನಿಂತಿತ್ತು. ಟಕ್, ಟಕ್, ಟಕ್. ನಡುವೆ ಕಾಲೆತ್ತಿ ಒಂದು ಒದೆ. ನಾನು ‘ಹುಶ್’ ಅಂದೆ. ನನ್ನತ್ತ ತಿರುಗಿ ಗುಳಗುಳ ಅಂತ ಬೈದು ಮತ್ತೆ ಕೆಲಸಕ್ಕೆ ಹತ್ತಿತು.

ಅರ್ಧ ಗಂಟೆ ಬಿಟ್ಟು ಅಜ್ಜ ಅದೇ ರಸ್ತೆಯಲ್ಲಿ ಇಳಿದು ಬಂದ ಮೇಲೆಯೇ ಅದು ಓಡಿದ್ದು. ಅವರಿಗೆ ಬೆಳಗಿನಿಂದ ಒಂದು ಹಕ್ಕಿಯೂ ಕಂಡಿರಲಿಲ್ಲ. ನನ್ನ ಬೂಟಿನ ಗುರುತು ನೋಡಿಕೊಂಡೇ ಬಂದಿದ್ದರು. ‘ಮೊದಲ ಹೆಜ್ಜೆಯಿಂದಲೇ ಉಲ್ಟಾ ಹೊರಟಿದ್ದೀಯ. ಆ ಬಿದ್ದ ಓಕ್ ಮರದ ಮೇಲೆ ಕೂತು ಬಿಸ್ಕತ್ತು ತಿಂದೆ. ಎರಡು ಸಲ ಜಾರಿದೆ, ಒಂದು ಸಲ ಬಿದ್ದೆ’ ಅಂದರು. ಮೂರು ಸಲ ಬಿದ್ದಿದ್ದೆ. ಉಳಿದೆರಡು ಕಲ್ಲಿನ ಮೇಲೆ.

ಮನೆಗೆ ಬಂದಾಗ ಹೆಂಡತಿ ಕಾರಿನ ಬಾಗಿಲ ಹತ್ತಿರ ಬಗ್ಗಿ ಗೀರುಗಳನ್ನು ತುಂಬಾ ಹೊತ್ತು ನೋಡಿದಳು. ಟರ್ಕಿ ಕೋಳಿ ಗೀಚಿದ್ದು ಅಂತ ನಾನು ಆಣೆ ಮಾಡಿದೆ.

‘ಸುಮ್ನಿರಿ,’ ಅಂದಳು. ‘ನಿಮ್ಮ ಅಕ್ಷರ ನನಗೆ ಗೊತ್ತಾಗಲ್ವಾ?’