ಕಂಟ್ರೋಲ್ ಕೆ ಕನ್ನಡಕ್ಕೆ

ಬದಿಯಡ್ಕದಂಥ ಪೇಟೆಯಲ್ಲಿ ಡಿಟಿಪಿ ಅಂಗಡಿ ಅಂದರೆ ಎರಡು ಭಾಷೆಯ ಕೆಲಸ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಹಾಗಾಗಿ ಅರ್ಜಿ ಮಲಯಾಳದಲ್ಲಿ, ಯಕ್ಷಗಾನದ ಹ್ಯಾಂಡ್‌ಬಿಲ್ಲು ಕನ್ನಡದಲ್ಲಿ. ಮದುವೆ ಕಾಗದ ಕೆಲವೊಮ್ಮೆ ಎರಡರಲ್ಲೂ. ನಾನು ಟೈಪ್ ಮಾಡುತ್ತಿದ್ದ ಅಂಗಡಿಯಲ್ಲಿ ಇಷ್ಟಕ್ಕೆಲ್ಲ ಇದ್ದದ್ದು ಒಂದೇ ಕಂಪ್ಯೂಟರು, ಅದರಲ್ಲಿ ವರ್ಡ್ 2003. ಕನ್ನಡ ಟೈಪಿಂಗಿಗೆ ನುಡಿ ಎಂಬ ತಂತ್ರಾಂಶ. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ, ಒತ್ತಕ್ಷರಕ್ಕೆ ನಡುವೆ ಎಫ್. ಕೆ.ಪಿ. ರಾವ್ ಅವರ ಈ ವಿನ್ಯಾಸ ಒಮ್ಮೆ ಬೆರಳಿಗೆ ಹತ್ತಿತು ಅಂದ್ರೆ ಆಮೇಲೆ ಕೀಬೋರ್ಡ್ ನೋಡುವುದೇ ಬೇಡ.

ಎಲ್ಲ ಚೆನ್ನಾಗಿತ್ತು, ಯಜಮಾನರ ಸೋದರಳಿಯನ ಕಾಲೇಜಿಗೆ ರಜೆ ಸಿಗುವವರೆಗೆ.

ಟೂಲ್ಸ್, ಕಸ್ಟಮೈಸ್, ಕೀಬೋರ್ಡ್. ಹುಡುಗ ಹಿಡಿದ ದಾರಿ ಇದು. ಎಡಗಡೆ ಫಾಂಟ್ಸ್ ಅಂತ ಆರಿಸಿದರೆ ಬಲಗಡೆ ಫಾಂಟುಗಳ ಸಾಲು ಬರುತ್ತದೆ. ಬೇಕಾದ ಕೀ ಒತ್ತಿ ಅಸೈನ್ ಅಂದರೆ ಆಯ್ತು. ಆ ಕೀಗೆ ಮೊದಲೇ ಬೇರೆ ಕೆಲಸ ಇದ್ದರೆ ವರ್ಡ್ ಅಲ್ಲೇ ಸಣ್ಣದಾಗಿ ತೋರಿಸುತ್ತದೆ. ತಡೆಯುವುದಿಲ್ಲ, ಸುಮ್ನೆ ತೋರಿಸುತ್ತದೆ ಅಷ್ಟೆ. ಅದನ್ನೆಲ್ಲ ಓದುವ ಜಾಯಮಾನ ಅವನದ್ದಲ್ಲ. ಕಂಟ್ರೋಲ್ ಕೆಗೆ ಕನ್ನಡ ಫಾಂಟು, ಕಂಟ್ರೋಲ್ ಎಂಗೆ ಮಲಯಾಳ ಫಾಂಟು.

"ನೋಡಿ ಅಕ್ಕ, ಎಷ್ಟು ಸುಲಭ!"

ಸುಲಭವೇ. ಆದರೆ ಕಂಟ್ರೋಲ್ ಎಂ ಅಂದರೆ ವರ್ಡಿನಲ್ಲಿ ಪ್ಯಾರಾ ಒಳಕ್ಕೆ ಸರಿಸುವ ಕೀ. ಆ ಕಾಲದ ನಮ್ಮ ಫಾಂಟುಗಳೋ ಯುನಿಕೋಡ್ ಅಲ್ಲ. ಫೈಲಿನೊಳಗೆ ಇರುವುದು ಇಂಗ್ಲಿಷಿನ ಸಂಕೇತಗಳೇ. ಕನ್ನಡ ಫಾಂಟು ಹೊದೆಸಿದರೆ ಕನ್ನಡ, ತೆಗೆದು ಮಲಯಾಳದ್ದು ಹೊದೆಸಿದರೆ ಏನೋ ಒಂದು. ಇಡೀ ಪುಟ ಸೆಲೆಕ್ಟ್ ಮಾಡಿ ಒಳಕ್ಕೆ ಸರಿಸಲು ಹೋದರೆ ರಾತ್ರಿ ಆಟದ ಹ್ಯಾಂಡ್‌ಬಿಲ್ಲಿನ ಭಾಗವತರು, ಚೆಂಡೆ, ಮದ್ದಳೆ ಎಲ್ಲ ಒಟ್ಟಿಗೆ ವೇಷ ಬದಲಿಸುತ್ತಿದ್ದವು. ನನಗೂ ಅರ್ಥವಾಗದು, ಪಕ್ಕದ ಬೇಕರಿಯ ಮಲಯಾಳಿಗೂ ಅರ್ಥವಾಗದು.

ಹುಡುಗ ಅಷ್ಟಕ್ಕೇ ಬಿಡಲಿಲ್ಲ. ಪದೇಪದೇ ಬರುವ ಸಾಲುಗಳನ್ನು ಆಟೋಟೆಕ್ಸ್ಟ್ ಮಾಡಿ, ಒತ್ತಿದರೆ ಇಡೀ ಸಾಲು ಬರುವಂತೆ ಅವಕ್ಕೂ ಒಂದೊಂದು ಕೀ ಕೊಟ್ಟ. ಯಾವುದಕ್ಕೆ ಯಾವ ಕೀ ಅಂತ ಅವನಿಗೇ ನೆನಪಿಲ್ಲ. ಅವನೇ ಟೈಪ್ ಮಾಡಿದ ಉತ್ತರಕ್ರಿಯೆಯ ಕಾಗದದ ಪ್ರೂಫ್ ನೋಡಲು ನಿವೃತ್ತ ಮಾಸ್ಟ್ರೊಬ್ಬರು ಬಂದರು. ಕನ್ನಡಕ ಏರಿಸಿದರು. ಇಳಿಸಿದರು. ಕೊನೆಯ ಸಾಲಿಗೆ ಬೆರಳಿಟ್ಟರು: 'ತಾವು ಸಕುಟುಂಬರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕು.'

"ಅಪ್ಪ ತೀರಿಹೋಗಿ ವಾರ ಆಯ್ತು ಮಾರಾಯ," ಅಂದರು. "ಹೆಣ್ಣು ಎಲ್ಲಿಯದ್ದು?"

ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. ಈ ಶಾರ್ಟ್‌ಕಟ್ಟುಗಳೆಲ್ಲ ಕೂತಿರುವುದು ನಾರ್ಮಲ್ ಡಾಟ್ ಎಂಬ ಫೈಲಿನಲ್ಲಿ. ವರ್ಡ್ ಮುಚ್ಚಿ ಆ ಫೈಲಿನ ಹೆಸರು ಬದಲಿಸಿದರೆ, ಮತ್ತೆ ತೆರೆದಾಗ ವರ್ಡ್ ಹೊಸತೊಂದನ್ನು ತಾನೇ ಮಾಡಿಕೊಳ್ಳುತ್ತದೆ. ಹಾಗೇ ಮಾಡಿದೆವು. ಹುಡುಗನ ಕೀಗಳು ಹೋದವು. ಎಷ್ಟೋ ಸಮಯದಿಂದ ನಾನು ಜೋಪಾನ ಮಾಡಿಟ್ಟ ನಾಲ್ಕಾರು ಕೀಗಳೂ ಅದರೊಟ್ಟಿಗೆ ಹೋದವು. ಹುಡುಗನ ರಜೆ ಮಾತ್ರ ಮುಗಿಯಲಿಲ್ಲ.

'ಕೀಬೋರ್ಡ್ ಸೆಟ್ಟಿಂಗಿಗೆ ಯಾರೂ ಕೈ ಹಾಕಬಾರದು' ಅಂತ ಎರಡೂ ಭಾಷೆಯಲ್ಲಿ ಒಂದು ನೋಟೀಸು ಮಾಡು ಎಂದು ಯಜಮಾನರು ಅವನಿಗೇ ಹೇಳಿದರು. ಅಷ್ಟರಲ್ಲಿ ಅವನು ಕಂಟ್ರೋಲ್ ಎಂ ಮತ್ತೆ ಹಾಕಿಯಾಗಿತ್ತು. ಪ್ರಿಂಟು ಬಂತು. ಯಜಮಾನರು ಕೈಯಲ್ಲಿ ಗೋಂದು ಹಿಡಿದು ಮೇಲೆ ಕೆಳಗೆ ನೋಡಿದರು.

"ಕನ್ನಡ ಎಲ್ಲಿ?"

"ಕೆಳಗಿನದ್ದೇ ಕನ್ನಡ, ಮಾವ."