ಹೊಸದು ಬೇಡ ಅಂದಿಲ್ಲ, ಕೇಳಿ ಬದಲಿಸಿ ಅಷ್ಟೇ

ವೆಬ್‌ಸೈಟ್ ನಡೆಸೋಕೆ ಬಳಸುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ, ಬರಹ ಟೈಪ್ ಮಾಡುವ ಹಳೆಯ ಎಡಿಟರ್‌ಗೆ ಅಂಟಿಕೊಂಡವರು ಕಲಿಯೋಕೆ ಸೋಮಾರಿಗಳು ಎಂದು ಲೇಖನದಲ್ಲಿ ಬರೆದಿದ್ದೀರಿ. ಸ್ವಲ್ಪ ಜಾಸ್ತಿಯಾಯ್ತು ಅಲ್ವಾ? 2018ರ ಡಿಸೆಂಬರ್‌ನಲ್ಲಿ ವರ್ಡ್‌ಪ್ರೆಸ್ 5.0 ಬಂದಾಗ ಪ್ಯಾರಾ, ಚಿತ್ರ ಎಲ್ಲವನ್ನೂ ಬೇರೆ ಬೇರೆ ತುಂಡಾಗಿ (ಬ್ಲಾಕ್) ಇಡುವ ಗುಟೆನ್‌ಬರ್ಗ್ ಎಂಬ ಹೊಸ ಎಡಿಟರ್ ತಾನಾಗಿಯೇ ಬಂದು ಕೂತಿತು. ಹಳೆಯದು ಬೇಕೆಂದರೆ ನಾವೇ 'ಕ್ಲಾಸಿಕ್ ಎಡಿಟರ್' ಎಂಬ ಪ್ಲಗಿನ್ (ಸೈಟ್‌ಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಹಾಕಿಕೊಳ್ಳಬೇಕು. ಹಾಗೆ ಹಾಕಿಕೊಂಡ ಸೈಟ್‌ಗಳು 50 ಲಕ್ಷಕ್ಕೂ ಜಾಸ್ತಿ. ಇಷ್ಟೂ ಜನ ಸೋಮಾರಿಗಳಾ?

ಮಂಡ್ಯದಲ್ಲಿ ನಾವು ಕೆಲವರು ಸೇರಿ ಬೆಲ್ಲದ ದರ ಹಾಕುವ ಸಣ್ಣ ಸೈಟ್ ನಡೆಸುತ್ತೇವೆ. ಟೈಪ್ ಮಾಡುವವರು ನಿವೃತ್ತ ಮೇಷ್ಟ್ರು. ಹಳೆಯ ಎಡಿಟರ್‌ನಲ್ಲಿ ಬರೆಯೋಕೆ ಒಂದೇ ಪೆಟ್ಟಿಗೆ, ಮೇಲೆ ಸಾಲಾಗಿ ಬಟನ್. ಅವರ ಕೈ ಅದಕ್ಕೆ ಪಳಗಿತ್ತು. ನಮ್ಮ ಸೈಟ್‌ಗೆ ಜಾಗ ಕೊಟ್ಟ ಹೋಸ್ಟಿಂಗ್‌ನವರು ಒಂದು ಮಾತೂ ಹೇಳದೆ ಅಪ್‌ಡೇಟ್ ಒತ್ತಿಬಿಟ್ಟರು. ಮಾರನೇ ದಿನ ಮೇಷ್ಟ್ರು ಎಂಟರ್ ಒತ್ತಿದಂತೆಲ್ಲ ಒಂದೊಂದು ಸಾಲೂ ಬೇರೆ ಬ್ಲಾಕ್. ಅಚ್ಚು ಬೆಲ್ಲ ಒಂದು ಕಡೆ, ಬಕೆಟ್ ಬೆಲ್ಲ ಇನ್ನೊಂದು ಕಡೆ, ಕುರಿಕಟ್ಟು ಬೆಲ್ಲದ ದರ ಎಲ್ಲಿ ಹೋಯ್ತೋ! ಬಟನ್‌ಗಳೋ, ಬ್ಲಾಕ್ ಮುಟ್ಟಿದರೆ ಮಾತ್ರ ಮುಖ ತೋರಿಸುತ್ತವೆ.

ಚಿತ್ರ ಜೋಡಿಸೋಕೆ ಹೊಸದೇ ಚೆನ್ನ, ಒಪ್ಪುತ್ತೇನೆ. ಆದರೆ ಮೊದಲ ಸಲ ತೆರೆದಾಗ 'ಹಳೆಯದೋ, ಹೊಸದೋ' ಎಂದು ಒಂದು ಮಾತು ಕೇಳಿದ್ದರೆ ಯಾರ ಗಂಟು ಹೋಗುತ್ತಿತ್ತು? ಸದ್ಯ ಪ್ಲಗಿನ್ ಹಾಕಿಕೊಟ್ಟಿದ್ದೇನೆ, ದರ ಮತ್ತೆ ಸರಿಯಾಗಿ ಬರುತ್ತಿದೆ.